ಬಾನಿಯಲ್ಲಿ ನೀರು, ಬೂಸಾದಲ್ಲಿ ಉಪ್ಪು

ಬೇಸಿಗೆ ಬಂತೆಂದರೆ ಚನ್ನರಾಯಪಟ್ಟಣದ ಕಡೆ ಹಸಿ ಮೇವು ಮುಗಿದು ಹಸುಗಳಿಗೆ ರಾಗಿಹುಲ್ಲೇ ಗತಿ. ಹಸಿ ಮೇವಿನಲ್ಲಿ ಮುಕ್ಕಾಲು ಪಾಲು ನೀರು. ಒಣಹುಲ್ಲಿನಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ. ಮೇವು ಬದಲಾದ ದಿನವೇ ನೀರಿನ ಲೆಕ್ಕವೂ ಬದಲಾಗಬೇಕು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡಿನ ಎಷ್ಟೋ ಕೊಟ್ಟಿಗೆಗಳಲ್ಲಿ ಎರಡು ಹೊತ್ತು ನೀರು ತೋರಿಸುವ ರೂಢಿ ಹಾಗೇ ಉಳಿದಿದೆ. ಹಳ್ಳಿಕಾರ್ ಹಸುವಿಗೆ ಅಷ್ಟರಲ್ಲಿ ಹೇಗೋ ಸಾಗುತ್ತಿತ್ತು, ಸೀಮೆಹಸುವಿಗೆ ಸಾಲದು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಹತ್ತು ಲೀಟರ್ ಕರೆಯುವ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 70-80 ಲೀಟರ್ ನೀರು ಬೇಕು. ಬಾನಿ ಹಗಲೂ ರಾತ್ರಿ ತುಂಬಿರಲಿ, ನೆರಳಲ್ಲಿರಲಿ.

ಇನ್ನು ಉಪ್ಪು, ಅಂದರೆ ಅದರಲ್ಲಿರುವ ಸೋಡಿಯಂ. ಹುಲ್ಲು ಸೊಪ್ಪಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ತೀರಾ ಕಡಿಮೆ. ಹತ್ತು ಲೀಟರ್ ಹಾಲಿನ ಜೊತೆ ನಾಲ್ಕೈದು ಗ್ರಾಂ ಸೋಡಿಯಂ ಹೊರಹೋಗುತ್ತದೆ. ಹಸು ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ನುಂಗುತ್ತದೆ. ಅದರಲ್ಲಿರುವ, ಸೋಡಿಯಂನಿಂದಲೇ ಆದ ಸೋಡಾ ಹೊಟ್ಟೆಯ ಹುಳಿಯನ್ನು ಹತೋಟಿಯಲ್ಲಿಡುತ್ತದೆ. ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಗಂಜಲದಲ್ಲಿ ಅದು ಹೋಗದಂತೆ ಹಿಡಿದಿಡುತ್ತದೆ, ಜೊಲ್ಲಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಬರುತ್ತದೆ. ಈ ಉಳಿತಾಯ ಬಹುಕಾಲ ನಡೆಯದು. ಆಮೇಲೆ ಹಸು ಗೋಡೆ ನೆಕ್ಕುತ್ತದೆ, ಪಕ್ಕದ ಹಸುವಿನ ಗಂಜಲಕ್ಕೆ ಬಾಯಿ ಹಾಕುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಇದನ್ನು ಕೆಟ್ಟ ಚಾಳಿ ಎಂದು ಬಾಯಿಗೆ ಕುಕ್ಕೆ ಕಟ್ಟಬೇಡಿ. ಅದು ಮೈ ಕೇಳುತ್ತಿರುವ ಉಪ್ಪು. ರಂಜಕದ ಕೊರತೆಯಿಂದಲೂ ಹೀಗಾಗುವುದರಿಂದ ವೈದ್ಯರಿಗೊಮ್ಮೆ ತೋರಿಸಿ.

ಮನೆಯಲ್ಲೇ ಬೂಸಾ, ಹಿಂಡಿ, ಮುಸುಕಿನ ಜೋಳದ ನುಚ್ಚು ಬೆರೆಸುವವರು ಕ್ವಿಂಟಲ್‌ಗೆ 1 ಕಿಲೋ ಉಪ್ಪು, 2 ಕಿಲೋ ಖನಿಜ ಮಿಶ್ರಣ ಸೇರಿಸಿ. ಡೇರಿಯಲ್ಲಿ ಸಿಗುವ ಚೀಲದ ಪಶು ಆಹಾರದಲ್ಲಿ ಇವು ಮೊದಲೇ ಇರುತ್ತವೆ. ಕೊಳವೆಬಾವಿ ನೀರು ಬಾಯಿಗೆ ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸಿದ ಮೇಲೆಯೇ ಉಪ್ಪಿನ ಅಳತೆ ನಿರ್ಧರಿಸಿ.

ಉಪ್ಪು ಕೊಟ್ಟು ನೀರು ತಪ್ಪಿಸುವುದು ಉಪ್ಪು ಕೊಡದಿರುವುದಕ್ಕಿಂತ ಅಪಾಯ. ಮೋಟಾರು ಕೆಟ್ಟೋ ಕರೆಂಟು ಹೋಗಿಯೋ ಒಂದೆರಡು ದಿನ ನೀರಿಲ್ಲದಿದ್ದರೆ ರಕ್ತದಲ್ಲೂ ಮಿದುಳಿನಲ್ಲೂ ಉಪ್ಪು ಏರುತ್ತದೆ. ಆಗ ಒಮ್ಮೆಲೇ ಬಾನಿಗೆ ಬಿಟ್ಟರೆ ಮಿದುಳು ಊದಿಕೊಂಡು ದನ ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಬಿದ್ದು ಒದ್ದಾಡುತ್ತದೆ. ಕರುಗಳಲ್ಲಿ ರಕ್ತಕಣ ಒಡೆದು ಗಂಜಲ ಕೆಂಪಾಗುವುದೂ ಉಂಟು. ಅಂಥ ದಿನ ಸ್ವಲ್ಪ ಸ್ವಲ್ಪವೇ, ಅರ್ಧ ಗಂಟೆಗೊಮ್ಮೆ ಕುಡಿಸಿ. ದನದ ದಾಹ ತಣಿಯುವವರೆಗೆ ಒಬ್ಬರು ಕೊಟ್ಟಿಗೆಯಲ್ಲೇ ಇರಿ.