ಚಿಗರಿಗೆ ಗುರಿ ಬೇಡ, ತಮ್ಮಾ

ತಮ್ಮಾ, ಚಿಗರಿ ಬೇಟೆಗೆ ಯಾವ ರೈಫಲ್ ಒಳ್ಳೆಯದು ಎಂದು ಕೇಳಿದೆಯಲ್ಲ, ಅದಕ್ಕೆ ಒಳ್ಳೆಯ ರೈಫಲ್ ಯಾವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಮೊದಲನೆಯ ಅನುಸೂಚಿಯಲ್ಲೇ ಇಟ್ಟಿತು. ಬೇರೆ ಕೆಲವು ಪ್ರಾಣಿಗಳಿಗೆ ಆಗ ಉಳಿದಿದ್ದ ಬೇಟೆ ಲೈಸೆನ್ಸನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಈಗ ಒಂದು ಚಿಗರಿ ಹೊಡೆದು ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಬಂದೂಕು ಹೋಗುತ್ತದೆ, ಒಯ್ದ ಗಾಡಿಯೂ ಹೋಗುತ್ತದೆ.

ಆದರೆ ಜೈಲಿನ ಅಂಜಿಕೆಯಿಂದ ನೀನು ಸುಮ್ಮನಾಗುವುದು ನನಗೆ ಸಾಲದು. ರಾಣೇಬೆನ್ನೂರಿನ ಕುರುಚಲು ಕಾಡನ್ನು ನೋಡಿ ಬಾ. ಹಾವೇರಿ ಇನ್ನೂ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದ್ದಾಗ, 1974ರಲ್ಲಿ, ಅಲ್ಲಿ ಸುಮಾರು 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಮಾಡಿದರು. ಅದೇ ಬಯಲಿನಲ್ಲಿ ಹಿಂದೆ ಎರೆಭೂತ ಹಕ್ಕಿಯೂ ಇತ್ತು. ಇವತ್ತು ಅದನ್ನು ನಿನಗೆ ತೋರಿಸಲು ನನ್ನಿಂದಾಗದು. ಚಿಗರಿ ಉಳಿಯಿತು. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿಗೆ ಆ ಹೆಸರಿಟ್ಟು ದಿನವೂ ಹತ್ತಿ ಇಳಿಯುತ್ತೇವೆ. ಆ ಪ್ರಾಣಿಯನ್ನು ಹೊಡೆದು ಮೀಸೆ ತಿರುವುವುದು ನಮ್ಮ ಊರಿನ ಹುಡುಗನಿಗೆ ತಕ್ಕ ಕೆಲಸವಲ್ಲ.

ಎರಿ ಹೊಲದಲ್ಲಿ ಹಿಂಡು ನುಗ್ಗಿ ಹೆಸರು, ಕಡಲೆ, ಮೆಕ್ಕೆಜೋಳದ ಎಳೆ ಪೈರು ಮೇಯ್ದು ಹೋಗುವ ಸಂಕಟ ನನಗೆ ಗೊತ್ತಿದೆ. ಆ ರೈತನ ಸಿಟ್ಟು ನ್ಯಾಯವಾದದ್ದು. ಆದರೂ ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಪ್ಪಣೆ ಕೊಡಬಹುದಾದದ್ದು ಅದು ಮನುಷ್ಯರ ಜೀವಕ್ಕೆ ಅಪಾಯವಾದಾಗ, ಇಲ್ಲವೇ ಗುಣವಾಗದ ಗಾಯ ಅಥವಾ ರೋಗಕ್ಕೆ ಸಿಕ್ಕಾಗ ಮಾತ್ರ. ಬೆಳೆ ಹಾನಿ ಅದಕ್ಕೆ ಕಾರಣವಾಗುವುದಿಲ್ಲ. ಬೆಳೆ ಕಾಯಲೆಂದು ಕೊಡುವ ಬಂದೂಕಿನ ಲೈಸೆನ್ಸೂ ಈ ಕಾಯ್ದೆಯನ್ನು ದಾಟುವುದಿಲ್ಲ. ಹಾನಿಯ ಫೋಟೊ ತೆಗೆದು, ಪಹಣಿ ಜೋಡಿಸಿ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು, ಪರಿಹಾರಕ್ಕೆ ಬೆನ್ನು ಹತ್ತಬೇಕು. ಪರಿಹಾರ ಬೇಗ ಬರಬೇಕು, ಪೂರ್ತಿ ಬರಬೇಕು ಎಂದು ಊರೆಲ್ಲ ಕೂಡಿ ಕೇಳುವುದಾದರೆ ನಾನೂ ನಿಮ್ಮ ಜೊತೆ ಬರುತ್ತೇನೆ.

ಇನ್ನು ರೈಫಲ್. ಅದರ ಮೇಲಿನ ನಿನ್ನ ಆಸೆ ತಪ್ಪಲ್ಲ. ಉಸಿರು ಹಿಡಿದು, ಕಣ್ಣು ನೆಟ್ಟು, ಬೆರಳನ್ನು ಹದಕ್ಕೆ ತರುವ ಆ ವಿದ್ಯೆಗೆ ಗೌರವದ ಜಾಗವಿದೆ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಹಿಡಿದರು. ರೈಫಲಿನ ಭಾರವನ್ನು ತೋಳಿನಿಂದ ಹೊರಲಾಗದವರು ಸ್ಟ್ಯಾಂಡಿನ ಆಸರೆಯಲ್ಲಿ ಹೊಡೆಯುವ ವರ್ಗ ಅವರದು. ಅದೇ ವರ್ಷ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಒಲಿಂಪಿಕ್ ಕಂಚು ತಂದರು. ಇಬ್ಬರೂ ಒಂದು ಜೀವಕ್ಕೂ ಗುರಿ ಇಟ್ಟು ದೊಡ್ಡವರಾದವರಲ್ಲ.

ನಿನಗೆ ಹೊಂದುವುದು 10 ಮೀಟರ್ ಏರ್ ರೈಫಲ್. ಗುಂಡಿನ ಅಳತೆ 4.5 ಮಿಲಿಮೀಟರ್, ಅಂಗಡಿಯವರ ಬಾಯಲ್ಲಿ ಪಾಯಿಂಟ್ 177. ಬೋರ್ ಅದನ್ನು ಮೀರದೆ, ಶಕ್ತಿ 20 ಜೂಲ್ ದಾಟದೆ ಇದ್ದರೆ ಲೈಸೆನ್ಸ್ ಬೇಕಿಲ್ಲ. ಗುರುತಿನ ದಾಖಲೆ ಕೊಟ್ಟು ಕೊಳ್ಳಬಹುದು. ಪಾಯಿಂಟ್ 22 ಬೇಕೆಂದರೆ ಲೈಸೆನ್ಸ್ ಬೇಕು, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯತ್ವ ಬೇಕು, 21 ವಯಸ್ಸು ತುಂಬಿರಬೇಕು. ಅದು ಆಮೇಲಿನ ಮಾತು.

ಕೊಳ್ಳುವ ಮೊದಲು ಕ್ಲಬ್ಬಿನ ರೈಫಲ್‌ನಲ್ಲೇ ಕೆಲವು ತಿಂಗಳು ಹೊಡೆ. ನಿನ್ನ ಮೈ ಏನು ಕೇಳುತ್ತದೆ ಎಂದು ಆಗಲೇ ತಿಳಿಯುವುದು. ನೀನು ಎಡಗೈಯವನು, ಬಲಗೈಯವರಿಗೆ ಮಾಡಿದ ಹಿಡಿಕೆಯನ್ನು ಸೋವಿ ಸಿಕ್ಕಿತೆಂದು ತರಬೇಡ. ಯಾವ ಕಣ್ಣು ಮುಂದಾಳು ಎಂದೂ ನೋಡಿಕೊ: ಎರಡೂ ಕಣ್ಣು ತೆರೆದು ದೂರದ ಗುರುತಿಗೆ ಬೆರಳು ಮಾಡು, ಒಂದೊಂದೇ ಕಣ್ಣು ಮುಚ್ಚು, ಯಾವ ಕಣ್ಣಿಗೆ ಬೆರಳು ಅಲ್ಲೇ ನಿಂತಿತೋ ಅದೇ ನಿನ್ನ ಗುರಿಯ ಕಣ್ಣು. ಭುಜಕ್ಕೆ ಒರಗುವ ಹಿಂಬದಿಯನ್ನೂ ಕೆನ್ನೆಯ ಹಲಗೆಯನ್ನೂ ಏರಿಸಿ ಇಳಿಸುವಂತಿರಬೇಕು. ಕುತ್ತಿಗೆ ಬಗ್ಗಿಸದೆ ಗುರಿ ನೋಡುವ ಕಿಂಡಿ ಕಣ್ಣಿಗೆ ತಾನಾಗಿ ಬಂದು ನಿಂತರೆ ಆ ರೈಫಲ್ ನಿನ್ನದು. ಸ್ಪರ್ಧೆಯಲ್ಲಿ 5.5 ಕಿಲೋ ತೂಕದವರೆಗೂ ಅವಕಾಶವಿದೆ, ಹಾಗೆಂದು ಅಷ್ಟು ಭಾರದ್ದೇ ಆಗಬೇಕೆಂದಿಲ್ಲ. ಒಂದೂಕಾಲು ತಾಸಿನಲ್ಲಿ 60 ಗುಂಡು ಹೊಡೆಯಬೇಕು. ನಲವತ್ತನೆಯದಕ್ಕೆ ಸೊಂಟ ಸೋತರೆ ರೈಫಲ್ ಮೇಲಿನ ಜರ್ಮನ್ ಕಂಪನಿಯ ಹೆಸರು ಕೈ ಹಿಡಿಯುವುದಿಲ್ಲ. ಒತ್ತಡದ ಗಾಳಿಯ ಸಿಲಿಂಡರ್ ಇರುವ ವಿದೇಶಿ ರೈಫಲ್‌ಗೆ ಬೆಲೆ ಲಕ್ಷಗಳಲ್ಲಿದೆ. ಹಳೆಯದನ್ನು ತರುವುದಾದರೆ ಸಿಲಿಂಡರಿನ ಮೇಲೆ ಕೊರೆದ ತಾರೀಖು ಓದು, 10 ವರ್ಷ ದಾಟಿದ್ದಕ್ಕೆ ಸ್ಪರ್ಧೆಯಲ್ಲಿ ಪ್ರವೇಶವಿಲ್ಲ.

ಹತ್ತರ ಗುರುತು 10 ಮೀಟರ್ ದೂರದಲ್ಲಿ ಬರೀ ಅರ್ಧ ಮಿಲಿಮೀಟರಿನ ಚುಕ್ಕೆ. ಮೇಯುತ್ತ ನಿಂತ ಚಿಗರಿಯ ಪಕ್ಕೆ ಎಷ್ಟು ಅಗಲ, ನೀನೇ ಹೋಲಿಸು. ನಿಜವಾದ ಪಣ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗಾಳಿಯ ರೈಫಲ್ ಆಟಿಕೆ ಅಲ್ಲ. ಅದರ ಗುಂಡು ಕಣ್ಣು ತೆಗೆಯುತ್ತದೆ, ಹಕ್ಕಿಯ ಜೀವ ತೆಗೆಯುತ್ತದೆ. ಮಾಳಿಗೆ ಮೇಲಿಂದ ಹೊಲದ ನವಿಲಿಗೆ ಹಿಡಿದರೆ ಅದೂ ಮೊದಲನೆಯ ಅನುಸೂಚಿಯ ಅಪರಾಧವೇ. ಖಾಲಿ ಇದೆ ಎಂದು ಯಾರು ಹೇಳಿದರೂ ತುಂಬಿದೆ ಎಂದೇ ತಿಳಿ, ನಳಿಗೆಯನ್ನು ಮನುಷ್ಯರ ಕಡೆ ತಿರುಗಿಸಬೇಡ, ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮನೆಯಲ್ಲಿ ರೈಫಲ್ ಒಂದು ಕಪಾಟಿನಲ್ಲಿ, ಗುಂಡು ಇನ್ನೊಂದರಲ್ಲಿ, ಎರಡಕ್ಕೂ ಕೀಲಿ.

ದುಡ್ಡಿನ ಚಿಂತೆ ಈಗ ಬೇಡ. ಈ ವಾರ ಹುಬ್ಬಳ್ಳಿಗೆ ಹೋಗಿ ಶೂಟಿಂಗ್ ತರಬೇತಿಗೆ ಹೆಸರು ಹಚ್ಚು.