ಬದಲಿಸುವ ಮೊದಲು ಅಳೆಯಿರಿ

ಪ್ರಶ್ನೆ: ಹುಮನಾಬಾದ್ ಮಾರುಕಟ್ಟೆಗೆ ತೊಗರಿ, ಸೋಯಾ ಸಾಗಿಸುವ ಹಳೆಯ ಡೀಸೆಲ್ ಪಿಕಪ್ ನಮ್ಮದು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ ‘ಟಕ್’ ಎಂದು ಸುಮ್ಮನಾಗುತ್ತದೆ. ಧಕ್ಕಾ ಕೊಟ್ಟರೆ ಸ್ಟಾರ್ಟ್ ಆಗುತ್ತದೆ. ಹೆಡ್‌ಲೈಟ್ ಹಚ್ಚಿದಾಗ ಮೀಟರಿನ ಮುಳ್ಳುಗಳು ಕುಣಿಯುತ್ತವೆ. ಲೋಡ್ ಇದ್ದಾಗ ಎಂಜಿನ್ ಕಾಯುತ್ತದೆ. ಬ್ಯಾಟರಿ ಎರಡು ಸಲ ಬದಲಾಯಿತು. ಬಸವಕಲ್ಯಾಣದಲ್ಲಿ ಒಬ್ಬರು ಡೈನಮೊ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಸೆಲ್ಫ್ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಗಾಡಿ ಮಾರಿಬಿಡಲೇ?
— ಓದುಗರೊಬ್ಬರು, ಹುಮನಾಬಾದ್ ತಾಲ್ಲೂಕು

ಉತ್ತರ: ಮಾರುವ ಮಾತು ಸದ್ಯಕ್ಕೆ ಬೇಡ. ನೀವು ಹೇಳಿದ ಲಕ್ಷಣಗಳಲ್ಲಿ ಹೆಚ್ಚಿನವು ಒಂದೇ ಕಡೆ ಬೆರಳು ಮಾಡುತ್ತವೆ: ಅರ್ಥಿಂಗ್. ಹಳೆಯ ಗಾಡಿಯಲ್ಲಿ ಯಂತ್ರಕ್ಕಿಂತ ಮೊದಲು ಕೆಡುವುದು ಅದರ ಜೋಡಣೆ. ಟರ್ಮಿನಲ್ಲಿಗೆ ಉಪ್ಪು ಹತ್ತುತ್ತದೆ, ಬೋಲ್ಟಿನಡಿ ತುಕ್ಕು ಕೂರುತ್ತದೆ, ರಬ್ಬರ್ ಪೈಪ್ ಬಿರಿಯುತ್ತದೆ. ಜೋಡಣೆ ನೋಡದೆ ಸಾಮಾನು ಬದಲಿಸಿದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

65ನೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುವ ಸಸ್ತಾಪುರ ಬಂಗ್ಲಾ ಬಳಿಯ ಗ್ಯಾರೇಜುಗಳಲ್ಲಿ ಹಳೆಯ ಗಾಡಿಯ ಸಾಮಾನು ಸಿಗುವುದು ಕಷ್ಟವಲ್ಲ. ಅದು ನಿಮ್ಮ ಭಾಗದ ದೊಡ್ಡ ಅನುಕೂಲ. ಆದರೆ ಸಾಮಾನು ಕೈಗೆ ಸಿಗುತ್ತದೆಂದೇ ಪರೀಕ್ಷೆಗೆ ಮುಂಚೆ ಬದಲಾವಣೆ ನಡೆದುಹೋಗುತ್ತದೆ. ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಕೊಳ್ಳಿ. ಅದನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕು ಅಳತೆ ತೆಗೆಯಿರಿ.

ಮೊದಲನೆಯದು, ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ. 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ. 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ.

ಎರಡನೆಯದು, ಸೆಲ್ಫ್ ಹೊಡೆಯುವಾಗಿನ ವೋಲ್ಟ್. ಚಾರ್ಜಾದ ಬ್ಯಾಟರಿಯೂ ಆಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಅನುಮಾನಿಸಿ. ವೋಲ್ಟ್ 12ರ ಹತ್ತಿರವೇ ನಿಂತು ‘ಟಕ್’ ಸದ್ದಷ್ಟೇ ಬಂದರೆ ಕರೆಂಟ್ ಸೆಲ್ಫಿಗೆ ಸರಿಯಾಗಿ ತಲುಪುತ್ತಿಲ್ಲ, ಇಲ್ಲವೇ ಸೆಲ್ಫಿನೊಳಗೇ ದೋಷವಿದೆ.

ಮೂರನೆಯದೇ ನಿಮಗೆ ಮುಖ್ಯ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಹಿಡಿದು, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. 0.5 ದಾಟಿದರೆ ಬ್ಯಾಟರಿಗೆ ಮರಳುವ ದಾರಿಯಲ್ಲೇ ಕರೆಂಟಿಗೆ ತಡೆ ಇದೆ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ, ಬಾಡಿಗೆ ಹೋಗುವ ಪಟ್ಟಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಎಳೆ ಹರಿದ ಪಟ್ಟಿ ಬದಲಿಸಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಲೈಟ್ ಹಚ್ಚಿದಾಗ ಮುಳ್ಳು ಕುಣಿಯುವುದೂ ಸಾಮಾನ್ಯವಾಗಿ ಬಾಡಿಯ ಅರ್ಥಿಂಗ್ ಸಡಿಲಾದ ಗುರುತೇ. ಲೈಟಿನ ಕರೆಂಟಿಗೆ ನೇರ ದಾರಿ ಸಿಗದಾಗ ಅದು ಮೀಟರಿನ ವೈರುಗಳ ಮೂಲಕ ಮರಳಲು ನೋಡುತ್ತದೆ.

ನಾಲ್ಕನೆಯದು ಚಾರ್ಜಿಂಗ್. ಎಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟು, ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.5 ಇದ್ದರೆ ಡೈನಮೊ ಸರಿಯಿದೆ, ಬದಲಿಸಬೇಡಿ. 13ಕ್ಕಿಂತ ಕಡಿಮೆಯಿದ್ದರೆ ಮೊದಲು ಬೆಲ್ಟ್, ಆಮೇಲೆ ಕಾರ್ಬನ್ ಬ್ರಷ್ ಮತ್ತು ರೆಗ್ಯುಲೇಟರ್ ನೋಡಿಸಿ. 15 ದಾಟಿದರೆ ಹೊಸ ಬ್ಯಾಟರಿಯೂ ಕುದಿದು ಬೇಗ ಸಾಯುತ್ತದೆ.

ಚಾರ್ಜಿಂಗ್ ಸರಿಯಿದ್ದೂ ಬೆಳಿಗ್ಗೆಗೆ ಬ್ಯಾಟರಿ ಇಳಿದಿದ್ದರೆ ಒಂದು ರಾತ್ರಿ ಮೈನಸ್ ಪಟ್ಟಿ ಬಿಚ್ಚಿಡಿ. ಬೆಳಿಗ್ಗೆ ಪಟ್ಟಿ ಹಾಕಿದೊಡನೆ ಸ್ಟಾರ್ಟ್ ಆದರೆ ಗಾಡಿಯಲ್ಲಿ ಯಾವುದೋ ವೈರ್ ರಾತ್ರಿಯಿಡೀ ಕರೆಂಟ್ ತಿನ್ನುತ್ತಿದೆ. ಆಮೇಲೆ ಕೂರಿಸಿದ ಟೇಪು, ಅಲಂಕಾರದ ಲೈಟು, ದೊಡ್ಡ ಹಾರ್ನ್, ಇವುಗಳಿಂದ ಹುಡುಕಾಟ ಶುರುವಾಗಲಿ.

ಈಗ ಬಿಸಿ. ನಿಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಸುಗ್ಗಿಯಲ್ಲಿ ಹೊಟ್ಟು, ಧೂಳು ರೇಡಿಯೇಟರಿನ ಸಂದಿಗಳಲ್ಲಿ ತುಂಬುತ್ತವೆ. ಎಂಜಿನ್ ಆರಿದ ಮೇಲೆ ಫ್ಯಾನಿನ ಕಡೆಯಿಂದ ಮುಂದಕ್ಕೆ ಹಗುರವಾಗಿ ನೀರು ಹಾಯಿಸಿ. ಗಾಳಿ ಮುಂದಿನಿಂದ ಒಳನುಗ್ಗಿ ತುಂಬಿದ ಕಸ ಹಿಮ್ಮುಖವಾಗಿ ತಳ್ಳಿದರಷ್ಟೇ ಹೊರಬೀಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಕೂಲಂಟನ್ನೇ ಹಾಕಿ. ಮುಳ್ಳು ಏರಿದರೂ ರೇಡಿಯೇಟರಿನ ಮೇಲಿನ ಪೈಪ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು. ಅದನ್ನು ಕಿತ್ತೆಸೆಯುವ ರೂಢಿ ಇದೆ. ಹಾಗೆ ಮಾಡದೆ ಹೊಸದು ಹಾಕಿಸಿ, ಇಲ್ಲವಾದರೆ ಎಂಜಿನ್ ಬೇಕಾದಷ್ಟು ಕಾಯದೆ ಡೀಸೆಲ್ ಹೆಚ್ಚು ಸುಡುತ್ತದೆ. ಸೋರಿಕೆ ಕಾಣದೆಯೇ ಕೂಲಂಟ್ ಕಡಿಮೆಯಾಗಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಆಗ ಗಾಡಿ ಓಡಿಸದೆ ಗ್ಯಾರೇಜಿಗೆ ಸೇರಿಸಿ. ಕಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ನೀವು ಕೇಳದಿದ್ದರೂ ಬ್ರೇಕಿನ ಬಗ್ಗೆ ಹೇಳಲೇಬೇಕು. ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಡೈನಮೊ ಬೆನ್ನಿಗೇ ಇರುತ್ತದೆ. ಡೈನಮೊ ಬಿಚ್ಚಿ ಕೂರಿಸಿದ ಮೇಲೆ ಅದರ ಪೈಪುಗಳನ್ನು ತಪ್ಪದೆ ನೋಡಿ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಲೋಡ್ ಹಾಕಬೇಡಿ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವ ಅಭ್ಯಾಸ ನಿಮ್ಮ ಡ್ರೈವರಿಗಿದ್ದರೆ ಇಂದೇ ಬಿಡಿಸಿ: ಆರಿದ ಎಂಜಿನ್ನಿನಲ್ಲಿ ಆ ಪಂಪ್ ತಿರುಗದು, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ.

ಇನ್ನು ಮಾರುವ ವಿಚಾರ. ಚಾಸಿ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ, ಕಾದ ಎಂಜಿನ್ನಿನಿಂದಲೂ ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ಖರ್ಚು ದೊಡ್ಡದು, ಆಗ ಯೋಚಿಸಿ. ನಿಮ್ಮ ಪತ್ರದಲ್ಲಿ ಅವೆರಡೂ ಇಲ್ಲ. ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಮಿಸ್ತ್ರಿಯ ಬಳಿ ಹೋಗಿ, ಅವರೆದುರೇ ಇನ್ನೊಮ್ಮೆ ಅಳೆಸಿ. ಯಾವ ಸಾಮಾನು ಏಕೆ ಬದಲಿಸಬೇಕೆಂದು ಅಂಕಿ ಮುಂದಿಟ್ಟುಕೊಂಡು ಕೇಳಿ. ಕೆಲಸ ಬಲ್ಲ ಮಿಸ್ತ್ರಿಗೆ ಇಂಥ ಗಿರಾಕಿ ಬಂದರೆ ಸಂತೋಷವೇ, ಏಕೆಂದರೆ ಅರ್ಧ ಹುಡುಕಾಟವನ್ನು ನೀವೇ ಮುಗಿಸಿರುತ್ತೀರಿ.