ನೆಲ ಗಂಜಿಯಾದದ್ದನ್ನು ಆಕಾಶದಿಂದ ಕಾಣುವ ಬಗೆ

ಒಂದು ಬಕೆಟ್ಟಿಗೆ ಸಣ್ಣ ಮರಳನ್ನು ಸಡಿಲವಾಗಿ ಸುರಿದು, ಮರಳಿನ ಮಟ್ಟಕ್ಕೆ ಬರುವಂತೆ ನೀರು ಹಾಕಿರಿ. ಮೇಲೊಂದು ಇಟ್ಟಿಗೆಯನ್ನು ನಿಲ್ಲಿಸಿರಿ. ಅದು ಅಲುಗದೆ ನಿಲ್ಲುತ್ತದೆ. ಈಗ ಬಕೆಟ್ಟಿನ ಪಕ್ಕಕ್ಕೆ ಜೋರಾಗಿ ಬಡಿಯಿರಿ. ಮರಳು ಗಂಜಿಯಂತಾಗಿ ಇಟ್ಟಿಗೆ ವಾಲುತ್ತದೆ, ಹೂತುಕೊಳ್ಳುತ್ತದೆ. ಅದುರಿದಾಗ ಮರಳಿನ ಕಣಗಳು ಒತ್ತೊತ್ತಾಗಲು ನೋಡುತ್ತವೆ. ನಡುವಿನ ನೀರಿಗೆ ಹೊರಹೋಗಲು ಪುರುಸೊತ್ತಿಲ್ಲ. ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಭೂಕಂಪದಲ್ಲಿ ಹೀಗಾಗುವುದನ್ನು ನೆಲದ ದ್ರವೀಕರಣ ಎನ್ನುತ್ತಾರೆ.

ಇಂಡೊನೇಷ್ಯದ ಸುಲಾವೆಸಿ ದ್ವೀಪದಲ್ಲಿ ಪಾಲು ಎಂಬ ಪಟ್ಟಣವಿದೆ. ಅದರ ಕಣಿವೆಯವರೂ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರೇ. 2018ರ ಸೆಪ್ಟೆಂಬರ್ 28ರ ಸಂಜೆ ಅಲ್ಲಿ 7.5 ಪ್ರಮಾಣದ ಭೂಕಂಪವಾಯಿತು. ಪೆಟೊಬೊ, ಜೊನೊ ಒಗೆ ಎಂಬ ಊರುಗಳ ನೆಲ ನಮ್ಮ ಕಣ್ಣಿಗೆ ಹೆಚ್ಚು ಕಡಿಮೆ ಮಟ್ಟಸವೇ. ಆದರೂ ಮನೆ, ಮರ, ಗದ್ದೆಗಳು ನೂರಾರು ಮೀಟರ್ ಹರಿದುಹೋದವು. ಭೂಕಂಪ, ಸುನಾಮಿ, ಈ ಕೆಸರು ಎಲ್ಲ ಸೇರಿ ಸತ್ತವರೂ ಕಾಣೆಯಾದವರೂ 4,000ಕ್ಕೆ ಮೇಲೆ.

ಇಂಥಲ್ಲಿ ಕೆಟ್ಟ ನೆಲವನ್ನು ನಡೆದು ಅಳೆಯುವುದು ಕಷ್ಟ. ರಾಡಾರ್ ಉಪಗ್ರಹವು ರೇಡಿಯೊ ಅಲೆಗಳನ್ನು ನೆಲಕ್ಕೆ ಬಿಟ್ಟು, ಮರಳಿ ಬಂದುದನ್ನು ದಾಖಲಿಸುತ್ತದೆ. ಅದಕ್ಕೆ ಕತ್ತಲೆ, ಮೋಡಗಳ ಅಡ್ಡಿಯಿಲ್ಲ. ಭೂಕಂಪದ ಮುಂಚಿನ ಮತ್ತು ಅನಂತರದ ಚಿತ್ರಗಳನ್ನು ಹೋಲಿಸಿದರೆ ನೆಲ ಕೆಲವೇ ಸೆಂಟಿಮೀಟರ್ ಸರಿದಿದ್ದರೂ ತಿಳಿಯುತ್ತದೆ. ನೆಲವೇ ಬುಡಮೇಲಾದ ಕಡೆ ಮಾತ್ರ ಎರಡು ಚಿತ್ರಗಳು ತಾಳೆಯಾಗುವುದಿಲ್ಲ. ಹಾಗೆಂದು ಅದನ್ನು ಬಿಸಾಡುವಂತಿಲ್ಲ; ತಾಳೆ ತಪ್ಪಿದ ಜಾಗವೇ ನೆಲ ಕೆಟ್ಟ ಜಾಗವೆಂದು ಮೊದಲ ಸುಳಿವು. ಒಂದು ತೊಡಕುಂಟು. ನೀವು ಗದ್ದೆ ಉತ್ತರೂ, ನೀರು ಕಟ್ಟಿದರೂ ತಾಳೆ ತಪ್ಪುತ್ತದೆ! ಆದುದರಿಂದ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನೂ ಸ್ಥಳವನ್ನೂ ನೋಡಿಯೇ ತೀರ್ಮಾನಿಸಬೇಕು.

ಪಾಲುವಿನಲ್ಲಿ ಹಾಗೆ ನೋಡಿದವರಿಗೆ ಎದ್ದು ಕಂಡದ್ದು ಗುಂಬಾಸ ನಾಲೆ. ಈ ಎರಡೂ ಊರುಗಳಲ್ಲಿ ನೆಲ ಜಾರತೊಡಗಿದ್ದು ಅದರ ಅಂಚಿನಲ್ಲಿ. ನಾಲೆಯ ಸೋರಿಕೆ ಮತ್ತು ಗದ್ದೆಯ ನೀರಿನಿಂದ ಅಂತರ್ಜಲ ಮೇಲೆ ಬಂದಿತ್ತೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಷ್ಟಕ್ಕೇ ಭತ್ತವನ್ನು ದೂರುವುದು ನನಗೆ ಸರಿಕಾಣದು. ಸಡಿಲ ಮರಳುಮಣ್ಣು, ದೊಡ್ಡ ಭೂಕಂಪ ಇವೆರಡೂ ಕೂಡಿಬಂದಿದ್ದವು.

ಭಾರತ, ಅಮೆರಿಕಗಳು ಕೂಡಿ ಮಾಡಿದ ನಿಸಾರ್ ಎಂಬ ರಾಡಾರ್ ಉಪಗ್ರಹವನ್ನು ಬೆಂಗಳೂರಿನಲ್ಲಿ ಜೋಡಿಸಿ, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಲಾಯಿತು. 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮರಳಿ ಬರುವಂತೆ ಅದನ್ನು ಯೋಜಿಸಿದ್ದಾರೆ. ಆದರೆ ನಿಮ್ಮ ಹೊಲದಡಿ ನೀರು ಎಷ್ಟು ಆಳದಲ್ಲಿದೆಯೆಂದು ಅದು ನೇರವಾಗಿ ಕಾಣಲಾರದು. ಅದಕ್ಕೆ ಬಾವಿಗೆ ಹಗ್ಗ ಬಿಟ್ಟೇ ನೋಡಬೇಕು. ನಾಲೆಯ ಕೆಳಗಿನವರು ತಿಂಗಳಿಗೊಮ್ಮೆ ಅಳೆದು ತಾರೀಖು ಸಹಿತ ಬರೆದಿಡಿರಿ. ನಮ್ಮ ಕಡೆ ಜೌಗು, ಚೌಳು ಕಾಣಿಸುವ ಮೊದಲು ಸುಳಿವು ಕೊಡುವುದೂ ಇದೇ ಅಳತೆ.